ಯುವಿ: ಪಿಪ್‌ಗೆ ರಜೆ ಕೊಟ್ಟ ಮೇಲೆ

ಯುವಿ (uv) ಬಳಸಲು ಶುರು ಮಾಡಿದ ಮೇಲೆ ಪಿಪ್ (pip) ಕಡೆ ವಾಪಸ್ ಹೋಗುವ ಮನಸ್ಸಾಗಿಲ್ಲ. ಪಿಪ್ ಅಂದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಗೆ ಬೇಕಾದ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ ಪ್ಯಾಕೇಜ್‌ಗಳನ್ನು, ಇಳಿಸಿ ಹಾಕುವ ಹಳೇ ಟೂಲ್. ಅದೇ ಕೆಲಸವನ್ನು ತುಂಬಾ ವೇಗವಾಗಿ ಮಾಡುವ ಯುವಿ, 2024ರಲ್ಲಿ ಆಸ್ಟ್ರಲ್ ಕಂಪನಿ ಬಿಡುಗಡೆ ಮಾಡಿದ ಟೂಲ್. ಬರೆದಿರುವುದು ರಸ್ಟ್ ಅನ್ನೋ ಇನ್ನೊಂದು ಭಾಷೆಯಲ್ಲಿ, ಪೈಥಾನ್ ಟೂಲೇ ಪೈಥಾನ್‌ನಲ್ಲಿಲ್ಲ, ತಮಾಷೆ ಅಲ್ವಾ! ಆದರೆ ವೇಗದ ಗುಟ್ಟು ಅದೊಂದೇ ಅಲ್ಲ. ಒಮ್ಮೆ ಇಳಿಸಿದ ಪ್ಯಾಕೇಜನ್ನು ಕ್ಯಾಶ್‌ನಲ್ಲಿ (cache, ಕಂಪ್ಯೂಟರಿನಲ್ಲೇ ಇರುವ ಸಂಗ್ರಹ) ಇಟ್ಟುಕೊಂಡು ಮುಂದಿನ ಪ್ರಾಜೆಕ್ಟಿಗೆ ಅಲ್ಲಿಂದಲೇ ಕೊಡುತ್ತದೆ, ಹಾಗಾಗಿ ಲೆಕ್ಕಾಚಾರಕ್ಕೆ ಬಳಸುವ ನಂಪೈ ಥರದ ಭಾರದ ಲೈಬ್ರರಿಯನ್ನು ಹತ್ತು ಕಡೆ ಹಾಕಿದರೂ ಡೇಟಾ ಜಾಸ್ತಿ ಖರ್ಚಾಗುವುದಿಲ್ಲ. ಬೇಕಾದ ಪೈಥಾನ್ ಆವೃತ್ತಿಯನ್ನೂ ತಾನೇ ತಂದು ಹಾಕುತ್ತದೆ. ಯಾವ ಲೈಬ್ರರಿಯ ಯಾವ ಆವೃತ್ತಿ ಅಂತ ಬರೆದಿಡುವ ಲಾಕ್ ಫೈಲ್ ಇರುವುದರಿಂದ ಲ್ಯಾಪ್‌ಟಾಪಿನಲ್ಲಿರುವ ಆವೃತ್ತಿಗಳೇ ಸರ್ವರ್‌ನಲ್ಲೂ ಕೂರುತ್ತವೆ.

ಒಂದು ಕಿರಿಕಿರಿ ಇದೆ. ಇದು ಮಾಡುವ ವರ್ಚುವಲ್ ಎನ್ವಿರಾನ್ಮೆಂಟಿನಲ್ಲಿ (ಒಂದು ಪ್ರಾಜೆಕ್ಟಿನ ಲೈಬ್ರರಿಗಳಿಗೆ ಅಂತಲೇ ಇರುವ ಪ್ರತ್ಯೇಕ ಜಾಗ) ಪಿಪ್ ಇರುವುದಿಲ್ಲ, ಹಳೇ ಅಭ್ಯಾಸಕ್ಕೆ ಸುಮ್ನೆ ಪಿಪ್ ಇನ್‌ಸ್ಟಾಲ್ ಅಂತ ಹೊಡೆದರೆ ಲೈಬ್ರರಿ ಇನ್ನೆಲ್ಲೋ ಹೋಗಿ ಕೂರಬಹುದು. ಆ ಕಮಾಂಡಿನ ಶುರುವಿಗೆ ಯುವಿ ಅಂತ ಸೇರಿಸಿ ‘uv pip install’ ಅಂತ ಹೊಡೆದರೆ ಸರಿಹೋಗುತ್ತದೆ.