ಹಳೇ ಗೇಮ್‌ಗೆ ಸ್ಪರ್ಧೆ ಕಟ್ಟೋದು: ಮುಖಾಮುಖಿಯೋ, ಆನ್‌ಲೈನೋ?
ಖರ್ಚು ನೋಡಿದರೆ ಆನ್‌ಲೈನೇ ಹಗುರ. ಕಂಪ್ಯೂಟರ್, ಕಂಟ್ರೋಲರ್ ಇದ್ದರೆ ಸಾಕು. ಮುಖಾಮುಖಿ ಕೂಟಕ್ಕೆ ಹಳೇ ಕನ್ಸೋಲ್ ಜೊತೆ ಡಬ್ಬಾ ಟಿವಿಯೂ ಬೇಕು. ಅದನ್ನು ಮೆಟ್ಟಿಲು ಹತ್ತಿಸಿದವರಿಗೇ ಗೊತ್ತು ಅದರ ಭಾರ!

ಆದರೆ ಆ ಟಿವಿಯಲ್ಲಿ ಬಟನ್ ಒತ್ತಿದ್ದು ತಡವಿಲ್ಲದೆ ಕಾಣುತ್ತದೆ. ಸ್ಮ್ಯಾಶ್ ಬ್ರದರ್ಸ್ ಮೆಲೀ ಅನ್ನೋ ಹೊಡೆದಾಟದ ಗೇಮ್ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತದೆ. ಎರಡು ಮೂರು ಫ್ರೇಮ್ ತಡವಾದರೂ ಪಳಗಿದ ಕೈಗೆ ಗೊತ್ತಾಗುತ್ತದೆ. 2001ರ ಈ ಗೇಮ್‌ಗೆ 2020ರಲ್ಲಿ ಸ್ಲಿಪ್ಪಿ ಅನ್ನೋ ಸಾಫ್ಟ್‌ವೇರ್ ರೋಲ್‌ಬ್ಯಾಕ್ (ಎದುರಾಳಿ ಒತ್ತುವ ಬಟನ್ ಊಹಿಸಿ ಆಟ ಓಡಿಸಿ, ಊಹೆ ತಪ್ಪಿದರೆ ಹಿಂದೆ ಹೋಗಿ ಸರಿಮಾಡುವ ವಿಧಾನ) ತಂದ ಮೇಲೆ ಆನ್‌ಲೈನ್ ಆಟವೂ ಸಲೀಸಾಯಿತು. ನಿಮ್ಮ ಗೇಮ್‌ಗೆ ಅಂಥದ್ದು ಇದೆಯಾ, ಮೊದಲು ನೋಡಿ.

ಹೊಸಬರನ್ನು ಉಳಿಸಿಕೊಳ್ಳೋದೇ ಕಷ್ಟ, ಅಲ್ವಾ? ಸೋತವರ ಪಕ್ಕ ಕೂತು ತಪ್ಪು ತೋರಿಸಿದರೆ ಮುಂದಿನ ವಾರವೂ ಬರುತ್ತಾರೆ. ಆನ್‌ಲೈನಲ್ಲಿ ಸುಮ್ನೆ ಮಾಯವಾಗುವವರೇ ಜಾಸ್ತಿ.

ಒಂದೇ ಊರಲ್ಲಿ ಏಳೆಂಟು ಜನ ಸಿಕ್ಕರೆ ಕೂಟ ಮಾಡಿ. ಆಟಗಾರರು ಚದುರಿದ್ದರೆ ಆನ್‌ಲೈನ್.