ಮುಟ್ಟಿನ ಕಪ್: ವಸ್ತು ಒಳ್ಳೆಯದೇ, ಆದರೆ ಚಿಲಕ ಮತ್ತು ನೀರು ಇರುವವರಿಗೆ

ಪ್ಯಾಡ್ ಬಿಟ್ಟು ಕಪ್ ಹಿಡಿದ ಮೇಲೆ ನಾನು ವಾಪಸ್ ಹೋಗಿಲ್ಲ. ಹೋಗುವ ಯೋಚನೆಯೂ ಇಲ್ಲ. ಯಾರು ಕೇಳಿದರೂ ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಇದನ್ನು ಹೊಗಳುವ ವಿಡಿಯೋಗಳು ಒಂದು ಮಾತನ್ನು ಬಿಟ್ಟುಬಿಡುತ್ತವೆ. ಕಪ್ ಒಂದೇ ಇದ್ದರೆ ಸಾಲದು. ಒಳಗಿನಿಂದ ಚಿಲಕ ಹಾಕುವ ಬಚ್ಚಲು ಬೇಕು, ಕೈಗೆಟುಕುವ ನೀರು ಬೇಕು, ಕಪ್ ಕುದಿಸಿ ಶುಚಿ ಮಾಡಲು ಒಂದು ಪಾತ್ರೆ ಬೇಕು. ಇದರಲ್ಲಿ ಯಾವುದೊಂದು ಇಲ್ಲದಿದ್ದರೂ 400 ರೂಪಾಯಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಮೊದಲು ವಸ್ತುವಿನ ವಿಷಯ. ಮೆತ್ತಗಿನ ಮೆಡಿಕಲ್ ಸಿಲಿಕೋನ್, ಗಂಟೆಯಾಕಾರ, ಕೆಳಗೆ ಒಂದು ಸಣ್ಣ ಬಾಲ. ಬಾಲ ಚುಚ್ಚಿದರೆ ಕತ್ತರಿಸಬಹುದು. ಮಡಚಿ ಯೋನಿಯ ಒಳಗಿಟ್ಟರೆ ತಾನಾಗಿ ಬಿಚ್ಚಿಕೊಂಡು ಕೂರುತ್ತದೆ, ರಕ್ತ ಅದರೊಳಗೆ ತುಂಬಿಕೊಳ್ಳುತ್ತದೆ. ತೆಗೆಯುವಾಗ ಬಾಲ ಹಿಡಿದು ಎಳೆಯಬೇಡಿ, ತಳವನ್ನು ಹಿಂಡಿ ಗಾಳಿ ಬಿಡಿಸಿ, ಆಮೇಲೆ ನಿಧಾನಕ್ಕೆ. ಕೈ ಪಳಗುವುದಕ್ಕೆ ಕೆಲವು ತಿಂಗಳು ಬೇಕು, ಅಷ್ಟರಲ್ಲಿ ಬೇಸತ್ತು ಬಿಡಬೇಡಿ. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ವರದಿ ಬಂತು. ಪ್ಯಾಡ್‌ಗಿಂತ ಇದು ಜಾಸ್ತಿ ಸೋರುವುದಿಲ್ಲ, ಸುರಕ್ಷಿತ ಅಂತಲೇ ಅದರಲ್ಲಿದೆ. ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಕಾಪರ್-ಟಿ ಹಾಕಿಸಿಕೊಂಡಿರುವವರು ಮಾತ್ರ ಡಾಕ್ಟರನ್ನು ಕೇಳದೆ ಬಳಸಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಳಗಿನ ಅಳತೆಯ ಗೆರೆ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 80 ಮಿಲಿ ಒಳಗೇ ಇರಬೇಕು. ಪ್ಯಾಡ್ ನೋಡಿ ಅದನ್ನು ಹೇಳುವುದು ಹೇಗೆ? ಕಪ್‌ನಲ್ಲಿ ಕಣ್ಣಿಗೆ ಕಾಣುತ್ತದೆ. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. "ಎಲ್ಲರಿಗೂ ಹೀಗೇ ಆಗುತ್ತೆ ಬಿಡು" ಅನ್ನುವ ಮಾತು ಕೇಳಿ ಕೇಳಿ ಸುಮ್ಮನಿರುವ ಹೆಂಗಸರು ಎಷ್ಟಿಲ್ಲ. ಡಾಕ್ಟರ ಮುಂದೆ ಇಷ್ಟು ಮಿಲಿ ಹೋಗುತ್ತಿದೆ ಅಂತ ಲೆಕ್ಕ ಕೊಡಬಹುದು ಅನ್ನುವುದೇ ನನಗೆ ದೊಡ್ಡದು.

ಬೇಜಾರಾದದ್ದೂ ಇದೆ. ನನ್ನ ಕಪ್ ಜೊತೆ ಬಂದ ಚೀಟಿಯಲ್ಲಿ ಇಂಗ್ಲಿಷ್ ಮತ್ತು ಹಿಂದಿ ಮಾತ್ರ, ಚಿತ್ರಗಳೋ ಉಗುರಿನಷ್ಟು. ಕನ್ನಡ ಮಾತ್ರ ಓದುವ ಹೆಂಗಸು ದೇಹದೊಳಗೆ ಇಡುವ ವಸ್ತುವನ್ನು ಬರೀ ಊಹೆಯ ಮೇಲೆ ಬಳಸಬೇಕಾ? ಸೈಜ್ ವಿಷಯದಲ್ಲೂ ಗೊಂದಲ. ಹೆರಿಗೆ ಆಗಿದೆಯಾ, ವಯಸ್ಸೆಷ್ಟು ಅಂತ ಕೇಳಿ ನಿಲ್ಲಿಸುತ್ತಾರೆ, ಸ್ರಾವ ಹೇಗೆ ಅನ್ನುವುದನ್ನು ಕೇಳುವುದೇ ಇಲ್ಲ. ಇನ್ನು ಮದುವೆಯಾಗದ ಹುಡುಗಿಗೆ ಯಾಕೆ ಇದೆಲ್ಲ ಅನ್ನುವ ಮಾತು. ಕನ್ಯತ್ವಕ್ಕೂ ಕಪ್‌ಗೂ ಸಂಬಂಧವಿಲ್ಲ. ಆಟವಾಡಿದರೂ ಹಿಗ್ಗುವ ಒಂದು ತೆಳು ಪೊರೆಯನ್ನು ನೋಡಿ ಯಾರ ನಡತೆಯನ್ನೂ ಅಳೆಯಲು ಆಗುವುದಿಲ್ಲ. ಇದನ್ನು ಅಂಗಡಿಯವರು ಹೇಳುವುದಿಲ್ಲ, ಮನೆಯವರೇ ಹೇಳಬೇಕು.

ಈಗ ಚಿಲಕದ ವಿಷಯಕ್ಕೆ ಬರುತ್ತೇನೆ. ಪೇಯಿಂಗ್ ಗೆಸ್ಟ್ ರೂಮುಗಳಲ್ಲಿ ಕೆಟಲ್ ಇಡಲು ಬಿಡುವುದಿಲ್ಲ, ಕುದಿಸುವುದೆಲ್ಲಿ? ಮನೆಯಲ್ಲಾದರೆ "ಅಡುಗೆ ಒಲೆಯ ಮೇಲೆ ಅದನ್ನಾ?" ಅಂತ ಅತ್ತೆ ಕೇಳುತ್ತಾರೆ. ಆಫೀಸಿನಲ್ಲಿ ಕೈತೊಳೆಯುವ ಬೇಸಿನ್ ಟಾಯ್ಲೆಟ್ ಬಾಗಿಲ ಆಚೆ ಇರುತ್ತದೆ. ಇವೆಲ್ಲ ನನ್ನಂಥವರ ಸಣ್ಣ ಕಷ್ಟಗಳು. ಪಾತ್ರೆ ಬೇರೆ ತಗೊಂಡೆ, ಬ್ಯಾಗಿನಲ್ಲಿ ನೀರಿನ ಬಾಟಲಿ ಇಟ್ಟುಕೊಂಡೆ, ಮುಗಿಯಿತು.

ಆದರೆ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಉತ್ತರ ಕರ್ನಾಟಕಕ್ಕೂ ಬರುವ ಹೆಂಗಸರನ್ನು ನೆನೆಯಿರಿ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ಜೋಡಿ ಅಂತ ಮುಂಗಡ ಕೊಡುತ್ತಾರೆ, ಒಂದು ದಿನ ತಪ್ಪಿದರೆ ದಂಡ. ಗದ್ದೆ ಪಕ್ಕದ ಗುಡಿಸಲು, ಶೌಚಾಲಯವಿಲ್ಲ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ ಬೀಡ್‌ನಲ್ಲಿ ಸುಮಾರು 82,000 ಹೆಂಗಸರನ್ನು ವಿಚಾರಿಸಿತು. 13,000ಕ್ಕೂ ಹೆಚ್ಚು ಮಂದಿ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದರು. ಸೋಂಕು, ಹೊಟ್ಟೆನೋವು ಅಂತ ಹೋದವರಿಗೆ ಆಪರೇಷನ್ ಮಾಡಿ ಕಳಿಸಿದ್ದಾರೆ, ಮುಟ್ಟಿನ ಕಾಟ ತಪ್ಪಿದರೆ ದಂಡವಾದರೂ ತಪ್ಪುತ್ತದೆ ಅಂತ ಎಷ್ಟೋ ಹೆಂಗಸರೂ ಒಪ್ಪಿಕೊಂಡಿದ್ದಾರೆ. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು, ನನಗೆ ಖುಷಿಯಾಯಿತು. ಕಬ್ಬಿನ ಗದ್ದೆಯಲ್ಲಿ ರಜೆ ಬರೆದುಕೊಳ್ಳುವವರು ಯಾರು?

ಪಶ್ಚಿಮ ಕೆನ್ಯಾದ ಕಥೆ ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಪ್ಯಾಡ್ ಮೇಲಿನ ತೆರಿಗೆಯನ್ನು ಆ ದೇಶ 2004ರಲ್ಲೇ ತೆಗೆದಿತ್ತು, ನಾವು ಜಿಎಸ್‌ಟಿ ತೆಗೆದದ್ದು 2018ರಲ್ಲಿ. ಆದರೂ 2015ರಲ್ಲಿ ಬಂದ ಅಧ್ಯಯನವೊಂದರಲ್ಲಿ 15 ವರ್ಷದ ಹುಡುಗಿಯರಲ್ಲಿ ಹತ್ತರಲ್ಲಿ ಒಬ್ಬಳು, ಪ್ಯಾಡ್ ಕೊಳ್ಳುವ ದುಡ್ಡಿಗಾಗಿ ಗಂಡಸರ ಜೊತೆ ಮಲಗಬೇಕಾಯಿತು ಅಂತ ಹೇಳಿದ್ದಳು. ಅಂಥ ಕಡೆ ವರ್ಷಗಟ್ಟಲೆ ಬಾಳುವ ಒಂದು ಕಪ್ ನಿಜಕ್ಕೂ ಹುಡುಗಿಯನ್ನು ಕಾಪಾಡಬಹುದು, ಶಾಲೆಯಲ್ಲಿ ನೀರಿದ್ದರೆ.

ಇನ್ನು ಕೆಲವು ಕಡೆ ಕಪ್ ಕೊಟ್ಟರೂ ಪ್ರಯೋಜನವಿಲ್ಲ, ಯಾಕೆಂದರೆ ಹೆಂಗಸನ್ನೇ ಮನೆಯಿಂದ ಹೊರಗಿಡುತ್ತಾರೆ. ಪಶ್ಚಿಮ ನೇಪಾಳದಲ್ಲಿ ಮುಟ್ಟಾದವರನ್ನು ಇಡುವ ಛೌಪದಿ ಗುಡಿಸಲುಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲೇ ಬೇಡ ಅಂದಿತ್ತು. ಬಲವಂತ ಮಾಡಿದವರಿಗೆ ಮೂರು ತಿಂಗಳ ಜೈಲು ಅನ್ನುವ ಕಾನೂನು 2018ರಲ್ಲಿ ಜಾರಿಗೆ ಬಂತು. 2019ರ ಜನವರಿಯಲ್ಲಿ ಬಾಜುರಾ ಜಿಲ್ಲೆಯಲ್ಲಿ ಕಿಟಕಿಯಿಲ್ಲದ ಅಂಥದ್ದೇ ಗುಡಿಸಲಿನಲ್ಲಿ ಚಳಿಗೆ ಬೆಂಕಿ ಹಾಕಿಕೊಂಡ ತಾಯಿ, ಇಬ್ಬರು ಮಕ್ಕಳ ಸಮೇತ ಹೊಗೆಗೆ ಉಸಿರುಗಟ್ಟಿ ಸತ್ತಳು. ನೇಪಾಳ ದೂರ ಅಂದುಕೊಳ್ಳಬೇಡಿ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕ ಅಂತ ಬಾಣಂತಿಯನ್ನು ಊರಾಚೆ ಗುಡಿಸಲಲ್ಲಿ ಇಟ್ಟು, ಮಳೆ ಚಳಿಗೆ ಹಸುಗೂಸು ತೀರಿಕೊಂಡಿತು. ಮುಟ್ಟಾದವರನ್ನು, ಬಾಣಂತಿಯರನ್ನು ಹೀಗೆ ಹೊರಗಿಡುವುದು ನಮ್ಮ ರಾಜ್ಯದ 2017ರ ಕಾಯ್ದೆಯ ಪ್ರಕಾರ ಅಪರಾಧ.

ಗಾಜಾದ ಡೇರೆಗಳಲ್ಲಿ ಹೆಂಗಸರು ಡೇರೆ ಬಟ್ಟೆಯ ಚೂರುಗಳನ್ನು ಬಳಸಿದರು, ಮುಟ್ಟು ಮುಂದೂಡುವ ಮಾತ್ರೆ ನುಂಗಿದರು. ನಮ್ಮ ಕಡೆ ಅದೇ ಮಾತ್ರೆಯನ್ನು ಹಬ್ಬಕ್ಕೆ, ಗೃಹಪ್ರವೇಶಕ್ಕೆ ಅಂತ ಡಾಕ್ಟರ ಚೀಟಿಯೂ ಇಲ್ಲದೆ ತರಿಸುತ್ತಾರೆ. ಅಲ್ಲಿ ಯುದ್ಧ ಮಾಡಿಸಿದ್ದನ್ನು ಇಲ್ಲಿ ನಾವೇ ಮಾಡಿಸುತ್ತಿದ್ದೇವೆ, ಅಲ್ವಾ?

ಸರ್ಕಾರಗಳು ಕೈಹಾಕಿದರೆ ಆಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಸ್ಕಾಟ್ಲೆಂಡ್ 2020ರಲ್ಲಿ ಮುಟ್ಟಿನ ಸಾಮಾನು ಬೇಕಾದವರಿಗೆಲ್ಲ ಉಚಿತ ಅಂತ ಕಾನೂನು ಮಾಡಿತು, ಪ್ರಪಂಚದಲ್ಲೇ ಮೊದಲು. ಕೇರಳದ ಆಲಪ್ಪುಳ ನಗರಸಭೆ 2019ರಲ್ಲಿ 5,000 ಕಪ್ ಹಂಚಿತು. 2023ರಲ್ಲಿ ನಮ್ಮಲ್ಲೂ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳ ಹುಡುಗಿಯರಿಗೆ ಕಪ್ ಕೊಡುವ ಯೋಜನೆ ಶುರುವಾಯಿತು.

ಯಾವುದಾದರೂ ಸಂಘ ಅಥವಾ ಕಂಪನಿಯ ಕಡೆಯಿಂದ ಶಾಲೆಗೆ ಕಪ್ ಕೊಡಿಸಬೇಕು ಅಂದುಕೊಂಡಿರುವವರಿಗೆ ನನ್ನ ಸಲಹೆ ಇಷ್ಟು: ಆರ್ಡರ್ ಮಾಡುವ ಮುಂಚೆ ಆ ಶಾಲೆಗೆ ಒಮ್ಮೆ ಹೋಗಿ, ಹುಡುಗಿಯರ ಟಾಯ್ಲೆಟ್ ಬಾಗಿಲು ಹಾಕಿ ನೋಡಿ, ನಲ್ಲಿ ತಿರುಗಿಸಿ ನೋಡಿ. ಚಿಲಕ ಮುರಿದಿದ್ದರೆ ಮೊದಲ ದುಡ್ಡು ಅದಕ್ಕೆ ಹಾಕಿ. ಪ್ರತಿ ಹುಡುಗಿಗೂ ಕಪ್ ಜೊತೆ ಮುಚ್ಚಳ ಇರುವ ಒಂದು ಸಣ್ಣ ಸ್ಟೀಲ್ ಡಬ್ಬಿ ಕೊಡಿ, ಕುದಿಸಲು ಆಗುತ್ತದೆ. ಕನ್ನಡದಲ್ಲಿ ದೊಡ್ಡ ಚಿತ್ರಗಳಿರುವ ಒಂದು ಹಾಳೆ ಇರಲಿ. ತಾಯಂದಿರನ್ನೂ ಕೂರಿಸಿಕೊಂಡು ಆಶಾ ಕಾರ್ಯಕರ್ತೆಯಿಂದ ಹೇಳಿಸಿ. ಕಪ್ ಬೇಡ ಅನ್ನುವ ಹುಡುಗಿಗೆ ಮರುಮಾತಿಲ್ಲದೆ ಪ್ಯಾಡ್ ಕೊಡಿ.