ಹಳೆ ಕಂಪ್ಯೂಟರ್‌ನಲ್ಲಿ ಫ್ಲೈಟ್ ಸಿಮ್ಯುಲೇಟರ್: ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕಾ, ಪ್ರೊಸೆಸರಾ?

ದುಡ್ಡು ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ದೊಡ್ಡ ಏರ್‌ಪೋರ್ಟ್‌ನಲ್ಲಿ ವಿಮಾನ ನಿಲ್ಲಿಸಿ, ರೆಸಲ್ಯೂಷನ್ ಇಳಿಸಿ. ಫ್ರೇಮ್ ರೇಟ್ (ಸೆಕೆಂಡಿಗೆ ಪರದೆ ಮೇಲೆ ಮೂಡುವ ಚಿತ್ರಗಳ ಸಂಖ್ಯೆ) ಚೆನ್ನಾಗಿ ಏರಿದರೆ ಗ್ರಾಫಿಕ್ಸ್ ಕಾರ್ಡೇ ಅಡ್ಡಿ. ಅಲ್ಲಾಡದಿದ್ದರೆ ಬಹುತೇಕ ಪ್ರೊಸೆಸರ್ ಸುಸ್ತಾಗಿದೆ.

ಗ್ರಾಫಿಕ್ಸ್ ಕಾರ್ಡ್ ಬದಲಿಸುವುದು ಸುಲಭ. ಮೋಡ, ನೆರಳು, 4ಕೆ ಪರದೆಗೆ ಅದೇ ಬೇಕು. ಪವರ್ ಸಪ್ಲೈ ಸಾಲುತ್ತಾ ಅಂತ ಮಾತ್ರ ನೋಡಿಕೊಳ್ಳಿ. ಪ್ರೊಸೆಸರ್ ಹಾಗಲ್ಲ, ಹೊಸ ತಲೆಮಾರಿನದ್ದು ಹಾಕಲು ಎಷ್ಟೋ ಸಲ ಮದರ್‌ಬೋರ್ಡ್, ರ‍್ಯಾಮ್ ಕೂಡ ಬದಲಾಗಬೇಕು. ಕೊಳ್ಳುವಾಗ ಸುಮ್ನೆ ಕೋರ್‌ಗಳನ್ನು (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕಗಳನ್ನು) ಎಣಿಸಬೇಡಿ. ಸಿಮ್ಯುಲೇಟರ್‌ನ ಭಾರ ಮುಖ್ಯವಾಗಿ ಒಂದೇ ಥ್ರೆಡ್ (ಒಂದು ಸಲಕ್ಕೆ ಒಂದೇ ಕೋರ್‌ನಲ್ಲಿ ನಡೆಯುವ ಕೆಲಸದ ಸಾಲು) ಮೇಲೆ ಬೀಳುವುದರಿಂದ ಒಂದೊಂದು ಕೋರ್‌ನ ವೇಗವೇ ದೊಡ್ಡದು.

8 ಜಿಬಿ ರ‍್ಯಾಮ್ ಇದ್ದರೆ, ನನ್ನ ಪ್ರಕಾರ, ಮೊದಲು 16ಕ್ಕೆ ಏರಿಸಿ. ಎಸ್‌ಎಸ್‌ಡಿ (ವೇಗದ ಸ್ಟೋರೇಜ್ ಡ್ರೈವ್) ಲೋಡಿಂಗ್ ಬೇಗ ಮುಗಿಸುತ್ತದೆ, ಫ್ರೇಮ್ ರೇಟ್ ಅಷ್ಟೇನೂ ಜಾಸ್ತಿ ಮಾಡುವುದಿಲ್ಲ.